ಎತ್ತಿಗೆ ಜ್ವರ, ಎಮ್ಮೆಗೆ ಬರೆ



ಮೋಟರ್‌ಸೈಕಲ್ ನಡುಗುತ್ತದೆಯೆಂದು ದೂರಿಕೊಂಡು ದುರಸ್ತಿಗೆ ಒಯ್ದವರಿಗೆ ನಮ್ಮ ಸೀಮೆಯಲ್ಲಿ ಸಿಗುವ ಉತ್ತರಗಳು ಎರಡೇ ಎರಡು. ಮೊದಲನೆಯದು, "ಸಿಂಗಲ್ ಸಿಲಿಂಡರ್ ಗಾಡಿ ಅಂದಮ್ಯಾಲ ಅಷ್ಟು ನಡಗೂದ ರೀ, ರೂಢಿ ಮಾಡ್ಕೋರಿ" ಎಂಬುದು. ಎರಡನೆಯದು, "ಚೈನ್ ಸ್ಪ್ರಾಕೆಟ್ ಬದಲ್ ಮಾಡಿ ನೋಡೂಣು ರೀ" ಎಂಬುದು. ಮೊದಲನೆಯ ಉತ್ತರ ರೋಗವನ್ನೇ ಆರೋಗ್ಯವೆಂದು ಕರೆಯುತ್ತದೆ. ಎರಡನೆಯದು ರೋಗ ಎಲ್ಲಿದೆಯೆಂದು ನೋಡುವ ಮೊದಲೇ ಔಷಧ ಬರೆಯುತ್ತದೆ. ಈ ಎರಡೂ ಉತ್ತರಗಳನ್ನು ನಾನು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲವೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕೆಂದಿದ್ದೇನೆ. ವಿಷಯ ಬರೀ ಒಂದು ಗಾಡಿಯದಾಗಿದ್ದರೆ ನಿಮ್ಮ ಸಮಯವನ್ನು ತೆಗೆದುಕೊಳ್ಳುತ್ತಿರಲಿಲ್ಲ.

ಮೊದಲು 'ರೂಢಿ ಮಾಡ್ಕೋರಿ' ಎಂಬ ಉಪದೇಶವನ್ನು ಪರಿಶೀಲಿಸೋಣ. ಅದರಲ್ಲಿ ಅರ್ಧ ಸತ್ಯವಿದೆ. ಒಂದೇ ಸಿಲಿಂಡರಿನ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಹೋಗಿ ನಿಲ್ಲುತ್ತದೆ, ಕೆಳಗೆ ಬಂದು ನಿಲ್ಲುತ್ತದೆ. ನಿಮಿಷಕ್ಕೆ 5000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಇದು ಸೆಕೆಂಡಿಗೆ ಸುಮಾರು 83 ಬಾರಿ ನಡೆಯುತ್ತದೆ. ಹಾಗೆ ಪ್ರತಿ ಸಲ ಅದನ್ನು ತಡೆದು ತಿರುಗಿಸಲು ಬೇಕಾಗುವ ಬಲದ ಪ್ರತಿಕ್ರಿಯೆ ಎಂಜಿನ್ನಿನ ಒಡಲಿಗೂ, ಅಲ್ಲಿಂದ ಚಾಸಿಗೂ ಬಡಿಯುತ್ತದೆ. ವೇಗ ಎರಡು ಪಟ್ಟಾದರೆ ಈ ಬಲ ನಾಲ್ಕು ಪಟ್ಟಾಗುತ್ತದೆ. ಇದನ್ನು ತಗ್ಗಿಸಲೆಂದು ಕ್ರ್ಯಾಂಕಿನ ಇನ್ನೊಂದು ಬದಿಗೆ ಪ್ರತಿಭಾರ ಇಟ್ಟಿರುತ್ತಾರೆ. ಆದರೆ ಪಿಸ್ಟನ್ ಒಂದೇ ರೇಖೆಯಲ್ಲಿ ಹೋಗಿಬರುತ್ತದೆ, ಪ್ರತಿಭಾರವಾದರೋ ಸುತ್ತು ತಿರುಗುತ್ತದೆ. ಪಿಸ್ಟನ್ನಿನ ಭಾರವನ್ನು ಪೂರ್ತಿ ಸರಿದೂಗಿಸಹೊರಟರೆ ಮೇಲೆ ಕೆಳಗಿನ ನಡುಕ ಹೋಗಿ ಹಿಂದೆ ಮುಂದಿನ ನಡುಕ ಹುಟ್ಟುತ್ತದೆ. ಆದ್ದರಿಂದ ಎಂಜಿನಿಯರರು ಒಂದು ಭಾಗವನ್ನಷ್ಟೇ ಸರಿದೂಗಿಸಿ ಉಳಿದುದನ್ನು ಬಿಡುತ್ತಾರೆ. ಹೀಗೆ ಉಳಿದ ನಡುಕವೇ ಸಹಜ ನಡುಕ. ಬ್ಯಾಲೆನ್ಸರ್ ಎಂಬ ಇನ್ನೊಂದು ತಿರುಗುದಂಡವನ್ನು ಎದುರು ದಿಕ್ಕಿಗೆ ತಿರುಗಿಸಿ ಅದನ್ನೂ ಬಹುಮಟ್ಟಿಗೆ ಅಡಗಿಸಬಹುದು. ನಡುಕಕ್ಕೇ ಹೆಸರಾದ ಎನ್‌ಫೀಲ್ಡ್‌ನವರೂ 2020ರಲ್ಲಿ ತಂದ 349 ಸಿ.ಸಿ.ಯ ಹೊಸ ಎಂಜಿನ್ನಿಗೆ ಅಂಥ ದಂಡವನ್ನು ಕೂಡಿಸಿದರು. ನಡುಗುವುದೇ ಗಂಡುಗಾಡಿಯ ಲಕ್ಷಣವೆಂದು ಮೀಸೆ ತಿರುವುತ್ತಿದ್ದವರು ಇದನ್ನು ಗಮನಿಸಬೇಕು. ಮಾಡಿದವರೇ ಅದನ್ನು ಗುಣವೆಂದು ಎಣಿಸಲಿಲ್ಲ.

ಹಾಗಾದರೆ ಉಪದೇಶದ ತಪ್ಪೇನು? ಸಹಜ ನಡುಕ ಗಾಡಿ ಕೊಂಡ ದಿನವೂ ಇರುತ್ತದೆ. ನಿನ್ನೆ ಇಲ್ಲದ್ದು ಇಂದು ಬಂದಿತೆಂದರೆ ಅದಕ್ಕೊಂದು ಕಾರಣವಿದೆ, ಆ ಕಾರಣ ದಿನದಿನಕ್ಕೆ ಬೆಳೆಯುತ್ತದೆ. ಸಡಿಲಾದ ಬೋಲ್ಟ್ ತನ್ನ ರಂಧ್ರವನ್ನು ತಾನೇ ಅಗಲಿಸಿಕೊಳ್ಳುತ್ತದೆ. ನಡುಗುವ ಪಟ್ಟಿ ಬೆಸುಗೆಯ ಅಂಚಿನಲ್ಲಿ ಬಿರುಕು ಬಿಡುತ್ತದೆ. ಸವೆದ ಚಕ್ರದ ಬೇರಿಂಗ್ ಒಂದು ದಿನ ಕಬ್ಬಿನ ಟ್ರ್ಯಾಕ್ಟರಿನ ಪಕ್ಕದಲ್ಲಿಯೇ ಕೈಕೊಡಬಹುದು. ಅಂಥ ಹೊತ್ತಿನಲ್ಲಿ 'ರೂಢಿ' ನಮ್ಮನ್ನು ಕಾಯುವುದಿಲ್ಲ.

ಕೈಗಳ ಮಾತೂ ಇದೆ. ಗಾಳಿಯ ಒತ್ತಡದಿಂದ ನಡೆಯುವ ಕಲ್ಲು ಕೊರೆಯುವ ಉಪಕರಣಗಳನ್ನು ಹಿಡಿದು ದುಡಿಯುವವರ ಬೆರಳುಗಳು ಮರಗಟ್ಟಿ ಬಿಳಿಚಿಕೊಳ್ಳುವುದನ್ನು ಇಟಲಿಯ ವೈದ್ಯ ಲೊರಿಗಾ 1911ರಲ್ಲಿ ವರದಿ ಮಾಡಿದರು. 1918ರಲ್ಲಿ ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ ಅಮೆರಿಕದ ಇಂಡಿಯಾನಾ ರಾಜ್ಯದ ಬೆಡ್‌ಫರ್ಡ್ ಊರಿನ ಸುಣ್ಣಕಲ್ಲು ಕೆತ್ತುವವರಲ್ಲಿ ಅದನ್ನೇ ಕಂಡರು. ಮೋಟರ್‌ಸೈಕಲ್ಲಿನ ನಡುಕ ಅಷ್ಟು ತೀವ್ರವಲ್ಲವೆಂಬುದು ನಿಜ. ಆದರೂ ದಿನಕ್ಕೆ ಎರಡು ಮೂರು ತಾಸು ಹಿಡಿಕೆ ಹಿಡಿಯುವ ಹಾಲಿನವನು, ಅಂಚೆಯವನು, ಔಷಧ ಕಂಪನಿಯ ಪ್ರತಿನಿಧಿ ಇಳಿದ ಮೇಲೂ ಬೆರಳು ಜುಮುಗುಡುತ್ತವೆ ಎಂದರೆ ಅದನ್ನು ನಕ್ಕು ತಳ್ಳಿಹಾಕುವ ಅಧಿಕಾರ ಯಾರಿಗೂ ಇಲ್ಲ.

ಇನ್ನು 'ಬದಲ್ ಮಾಡಿ ನೋಡೂಣು' ಎಂಬ ಎರಡನೆಯ ಮಂತ್ರಕ್ಕೆ ಬರೋಣ. ಇದಕ್ಕೆ ನಮ್ಮ ಮನೆತನದ್ದೇ ಒಂದು ಉದಾಹರಣೆ ಕೊಡುತ್ತೇನೆ. ಸಾಲಹಳ್ಳಿಯಲ್ಲಿರುವ ನನ್ನ ಅಣ್ಣನ ಮಗ ಕೆಲಸಕ್ಕೆಂದು ನಿತ್ಯ ರಾಮದುರ್ಗಕ್ಕೆ ಮೋಟರ್‌ಸೈಕಲ್ಲಿನಲ್ಲಿ ಹೋಗಿಬರುತ್ತಾನೆ. ಗಾಡಿಯ ಕಂಪನಿಯ ಹೆಸರಾಗಲಿ, ಗ್ಯಾರೇಜುಗಳ ಹೆಸರಾಗಲಿ ಇಲ್ಲಿ ಬೇಡ. ಅವನ ಗಾಡಿಯಲ್ಲಿ ಒಂದು ನಿರ್ದಿಷ್ಟ ವೇಗಕ್ಕೆ ಬಂದಾಗ ಕಾಲಿಡುವ ಕಂಬಿಯಿಂದ ಹಿಡಿಕೆಯವರೆಗೆ ಝುಂ ಎಂಬ ನಡುಕ ಎದ್ದು, ಅದನ್ನು ದಾಟಿದರೆ ತುಸು ತಗ್ಗುತ್ತಿತ್ತು. ಮೊದಲನೆಯ ಗ್ಯಾರೇಜು ರೂಢಿ ಮಾಡಿಕೊಳ್ಳಲು ಹೇಳಿತು. ಎರಡನೆಯದು ಚೈನು, ಸ್ಪ್ರಾಕೆಟ್ ಎರಡನ್ನೂ ಬದಲಿಸಿತು. ಮೂರನೆಯದು ಮುಂದಿನ ಟೈರನ್ನೂ ಹ್ಯಾಂಡಲ್ಲಿನ ಬಾಲ್ ರೇಸರನ್ನೂ ಬದಲಿಸಿತು. ನಡುಕ ಮಾತ್ರ ಇದ್ದಲ್ಲಿಯೇ ಇತ್ತು. ಕೊನೆಗೆ ಎಂಜಿನ್ ಬಿಚ್ಚಿ ಕ್ರ್ಯಾಂಕನ್ನೇ ನೋಡಬೇಕೆಂಬ ಮಾತು ಬಂದಿತು. "ಕಾಕಾ, ಇದನ್ನ ಬಂದಷ್ಟಕ್ಕ ಮಾರಿಬಿಡತೇನ್ರಿ" ಎಂದು ಅವನು ನನಗೆ ದೂರವಾಣಿ ಮಾಡಿದ್ದು ಆಗ.

ನಾನು ಅವನಿಗೆ ಕೇಳಿದ ಮೊದಲ ಪ್ರಶ್ನೆ, "ಇದು ಯಾವಾಗಿಂದ ಸುರು ಆತೋ?" ಎಂಬುದು. ಯಾವ ವೈದ್ಯನೂ ಮೊದಲು ಕೇಳುವ ಪ್ರಶ್ನೆಯಿದು. ಮೂರು ಗ್ಯಾರೇಜುಗಳಲ್ಲಿ ಒಂದೂ ಇದನ್ನು ಕೇಳಿರಲಿಲ್ಲ. ಅವನ ಉತ್ತರ ಸ್ಪಷ್ಟವಾಗಿತ್ತು. ಎಂಜಿನ್ ಕೆಳಗಿಳಿಸಿ ಬೋರ್ ಮಾಡಿಸಿಕೊಂಡು ಬಂದ ಮರುವಾರದಿಂದ! ಹಾಗಾದರೆ ಚೈನಿಗೂ ಮುಂದಿನ ಟೈರಿಗೂ ಇದರಲ್ಲೇನು ಸಂಬಂಧ? ಎಂಜಿನ್ ಇಳಿಸಿ ಏರಿಸುವಾಗ ಯಾವ ಯಾವ ಜೋಡಣೆಗಳನ್ನು ಬಿಚ್ಚಿದರೋ ಅವೇ ಮೊದಲು ನೋಡಬೇಕಾದವು.

ಮುಂದಿನ ವಾರ ಊರಿಗೆ ಹೋದಾಗ ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ನ್ಯೂಟ್ರಲ್ಲಿನಲ್ಲಿಟ್ಟು, ಮೆಲ್ಲಗೆ ಎಂಜಿನ್ನಿನ ವೇಗ ಏರಿಸಲು ಹೇಳಿದೆ. ದಾರಿಯಲ್ಲಿ ಬರುತ್ತಿದ್ದ ಅದೇ ನಡುಕ, ಅದೇ ಧ್ವನಿಯಲ್ಲಿ, ಅಂಗಳದಲ್ಲಿಯೇ ಬಂದಿತು. ಚಕ್ರ ತಿರುಗುತ್ತಿಲ್ಲ, ಚೈನು ಓಡುತ್ತಿಲ್ಲ, ಟೈರು ನಿಂತಲ್ಲೇ ನಿಂತಿದೆ. ಅಲ್ಲಿಗೆ ಬದಲಾಯಿಸಿದ ನಾಲ್ಕೂ ಸಾಮಾನುಗಳು ನಿರಪರಾಧಿಗಳೆಂದು ಸಿದ್ಧವಾಯಿತು. ಈ ಪರೀಕ್ಷೆಗೆ ಹಿಡಿದದ್ದು ಎರಡು ನಿಮಿಷ, ತಗಲಿದ್ದು ಒಂದು ಚಮಚೆ ಪೆಟ್ರೋಲು.

ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ನಡುಕ ಹೆಚ್ಚುವುದೇಕೆ? ಇದಕ್ಕೆ ನಾಗರಪಂಚಮಿಯ ಜೋಕಾಲಿಯನ್ನು ನೆನೆಯಿರಿ. ಜೋಕಾಲಿಗೆ ತನ್ನದೇ ಆದ ಒಂದು ಲಯವಿದೆ. ಆ ಲಯಕ್ಕೆ ಸರಿಯಾಗಿ ಮೆಲ್ಲಗೆ ನೂಕಿದರೂ ಅದು ಬೇವಿನ ಟೊಂಗೆಯವರೆಗೆ ಏರುತ್ತದೆ. ಲಯ ತಪ್ಪಿಸಿ ಎಷ್ಟು ಬಲವಾಗಿ ನೂಕಿದರೂ ಏರುವುದಿಲ್ಲ. ಇದನ್ನೇ ಶಾಲೆಯಲ್ಲಿ ಅನುರಣನವೆಂದು ಕಲಿಸುತ್ತೇವೆ. ಗಾಡಿಯ ಚಾಸಿಗೂ ಅಂಥದೊಂದು ಲಯವಿರುತ್ತದೆ. ಎಂಜಿನ್ ಬಿಗಿಯಾಗಿ ಕೂತಿರುವಾಗ ಆ ಲಯ ಒಂದು ಕಡೆಗಿದ್ದರೆ, ಒಂದು ಹಿಡಿತ ಸಡಿಲಾದಾಗ ಅದು ಕೆಳಗಿಳಿದು, ನಾವು ನಿತ್ಯ ಓಡಿಸುವ ವೇಗದೊಳಕ್ಕೇ ಬಂದು ಕೂಡಬಹುದು. ನೂಕುವವನು ಎಂಜಿನ್, ತೂಗುವುದು ಚಾಸಿ.

ಆಮೇಲೆ ನಡುಕ ಎದ್ದ ವೇಗದಲ್ಲಿ ಎಂಜಿನ್ನನ್ನು ಹಿಡಿದು ನಿಲ್ಲಿಸಲು ಹೇಳಿ, ಸೈಲೆನ್ಸರನ್ನೂ ಬಿಸಿಯಾದ ಭಾಗಗಳನ್ನೂ ಬಿಟ್ಟು, ಒಂದೊಂದು ಹಿಡಿತದ ಹತ್ತಿರವೂ ಬೆರಳಿಟ್ಟು ನೋಡುತ್ತ ಹೋದೆ. ಬಿಗಿಯಾದ ಹಿಡಿತದಲ್ಲಿ ಎಂಜಿನ್ನೂ ಚಾಸಿಯ ಪಟ್ಟಿಯೂ ಒಟ್ಟಿಗೆ ನಡುಗುತ್ತವೆ. ಹಿಂದಿನ ಕೆಳಗಿನ ಹಿಡಿತದಲ್ಲಿ ಮಾತ್ರ ಎರಡರ ನಡುಕ ಬೇರೆ ಬೇರೆಯಾಗಿತ್ತು. ಎಂಜಿನ್ ನಿಲ್ಲಿಸಿ ಆರಿದ ಮೇಲೆ ಬ್ಯಾಟರಿ ಹಿಡಿದು ನೋಡಿದರೆ ಬೋಲ್ಟಿನ ಸುತ್ತ ಕೆಂಗಂದು ಬಣ್ಣದ ನುಣ್ಣನೆಯ ಪುಡಿ. ಎರೆಮಣ್ಣಿನ ಧೂಳು ಆ ಬಣ್ಣದ್ದಲ್ಲ. ಎರಡು ಉಕ್ಕಿನ ಮೈಗಳು ಕೂದಲೆಳೆಯಷ್ಟು ಅಂತರದಲ್ಲಿ ಸಾವಿರಾರು ಬಾರಿ ಉಜ್ಜಾಡಿದಾಗ ಹುಟ್ಟುವ ತುಕ್ಕಿನ ಪುಡಿಯದು. ಹಿಡಿತ ಸಡಿಲಾಗಿದೆಯೆಂದು ಕಬ್ಬಿಣವೇ ಸಾಕ್ಷಿ ಬರೆದಿಟ್ಟಿತ್ತು.

ಪಾನಾ ಹಾಕಿದರೆ ಬೋಲ್ಟ್ ಅಲುಗಲಿಲ್ಲ. ಗ್ಯಾರೇಜಿನವರು "ಬೋಲ್ಟ್ ಎಲ್ಲಾ ಟೈಟ್ ಅದಾವ್ರಿ" ಎಂದದ್ದು ಸುಳ್ಳಾಗಿರಲಿಲ್ಲ. ಬಿಚ್ಚಿ ನೋಡಿದಾಗ ಗುಟ್ಟು ತಿಳಿಯಿತು. ಒಂದು ಬದಿಯಲ್ಲಿರಬೇಕಾದ ದಪ್ಪನೆಯ ವಾಶರ್ ಇರಲೇ ಇಲ್ಲ. ಎಂಜಿನ್ ಏರಿಸುವಾಗ ಅದು ಎಲ್ಲಿಯೋ ಉರುಳಿ ಹೋಗಿದೆ. ವಾಶರ್ ಇಲ್ಲದ್ದರಿಂದ ನಟ್ಟು ಪಟ್ಟಿಯನ್ನು ಒತ್ತುವ ಮೊದಲೇ ಬೋಲ್ಟಿನ ಹಲ್ಲು ಮುಗಿದು, ನುಣುಪಾದ ಕಾಂಡಕ್ಕೆ ತಾಗಿ ನಿಂತಿದೆ. ನಟ್ಟು ಬಿಗಿಯಾಗಿದೆ, ಪಟ್ಟಿ ಬಿಗಿಯಾಗಿಲ್ಲ. ಸರಿಯಾದ ದಪ್ಪದ ವಾಶರ್ ಹಾಕಿ, ಟ್ರ್ಯಾಕ್ಟರ್ ದುರಸ್ತಿ ಮಾಡುವ ಒಬ್ಬ ಹಳೆಯ ವಿದ್ಯಾರ್ಥಿಯಿಂದ ಟಾರ್ಕ್ ಪಾನಾ ತರಿಸಿ, ಕೈಪಿಡಿಯಲ್ಲಿ ಬರೆದಷ್ಟೇ ಬಿಗಿ ಮಾಡಿದೆವು. ನಡುಕ ಹೋಯಿತು. ಉಳಿದದ್ದು ಗಾಡಿ ಹೊಸದಿದ್ದಾಗ ಇದ್ದ ಸಣ್ಣ ಝೇಂಕಾರ ಮಾತ್ರ. ವಾಶರಿನ ಬೆಲೆ ಒಂದು ಕಪ್ಪು ಚಹಾದಷ್ಟೂ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ ಅಲ್ಲವೇ? ಇಲ್ಲಿ ಒಂದಲ್ಲ, ನಾಲ್ಕು ಎಮ್ಮೆಗಳಿಗೆ ಬರೆ ಬಿದ್ದಿತ್ತು.

ಎಲ್ಲ ಗಾಡಿಗಳ ನಡುಕಕ್ಕೂ ವಾಶರೇ ಕಾರಣವೆಂದು ಯಾರೂ ತಿಳಿಯಬಾರದು. ಹಾಗೆ ತಿಳಿದರೆ ಅದೂ ಇನ್ನೊಂದು ಬಗೆಯ ಬರೆಯೇ. ನಾನು ಹೇಳುವುದು ಹುಡುಕುವ ಕ್ರಮದ ಬಗೆಗೆ. ನಡುಕ ಯಾವುದರ ಬೆನ್ನು ಹತ್ತಿದೆಯೆಂದು ಮೊದಲು ನೋಡಬೇಕು. ನಿಂತಲ್ಲಿಯೇ ಎಂಜಿನ್ನಿನ ವೇಗಕ್ಕೆ ತಕ್ಕಂತೆ ಬಂದರೆ ಎಂಜಿನ್, ಅದರ ಹಿಡಿತಗಳು, ಸೈಲೆನ್ಸರಿನ ಪಟ್ಟಿ. ಯಾವ ಗೇರಿನಲ್ಲಿದ್ದರೂ ರಸ್ತೆಯ ಒಂದೇ ವೇಗದಲ್ಲಿ ಬಂದು, ಖಾಲಿ ನೇರ ದಾರಿಯಲ್ಲಿ ಕ್ಲಚ್ ಹಿಡಿದಾಗಲೂ ಉಳಿದರೆ ಚಕ್ರ, ಟೈರು, ಬೇರಿಂಗ್. ಎಕ್ಸಲೇಟರ್ ಕೊಟ್ಟಾಗ ಬಂದು ಬಿಟ್ಟಾಗ ಹೋದರೆ ಚೈನು, ಸ್ಪ್ರಾಕೆಟ್, ಹಿಂದಿನ ಚಕ್ರದೊಳಗಿನ ರಬ್ಬರುಗಳು. ಬ್ರೇಕ್ ಹಿಡಿದಾಗ ಮಾತ್ರ ಬಂದರೆ ಡ್ರಮ್ಮು ಅಥವಾ ಡಿಸ್ಕು.

ಲೆಕ್ಕವೂ ಸಹಾಯಕ್ಕೆ ಬರುತ್ತದೆ. ಹದಿನೆಂಟು ಇಂಚಿನ ಚಕ್ರದ ಗಾಡಿಯ ಟೈರಿನ ಹೊರಸುತ್ತು ಸುಮಾರು 1.9 ಮೀಟರ್. ತಾಸಿಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ 16.7 ಮೀಟರ್. ಆದ್ದರಿಂದ ಚಕ್ರ ಸೆಕೆಂಡಿಗೆ ಸುಮಾರು ಒಂಬತ್ತು ಸುತ್ತು ತಿರುಗುತ್ತದೆ. ಚಕ್ರದ ದೋಷವಾದರೆ ಒಂದೊಂದು ಏಟೂ ಹೆಚ್ಚುಕಡಿಮೆ ಬೇರೆ ಬೇರೆಯಾಗಿ ಮೈಗೆ ತಿಳಿಯುತ್ತದೆ. ಎಂಜಿನ್ನಿನದು ಸೆಕೆಂಡಿಗೆ ಎಂಬತ್ತಕ್ಕೂ ಮಿಕ್ಕಿ ಬರುವುದರಿಂದ ತಂಬೂರಿಯ ಮಂದ್ರದ ತಂತಿಯಂತೆ ಒಂದೇ ನಾದವಾಗಿ ಕೇಳುತ್ತದೆ. ಚೈನಿನದು ಇನ್ನೂ ನಿಧಾನ. ಹಿಂದಿನ ಸ್ಪ್ರಾಕೆಟ್ಟಿಗೆ 42 ಹಲ್ಲು, ಚೈನಿಗೆ 104 ಕೊಂಡಿ ಎಂದಿಟ್ಟುಕೊಂಡರೆ ಚಕ್ರ ಸುಮಾರು ಎರಡೂವರೆ ಸುತ್ತು ತಿರುಗಿದಾಗ ಚೈನು ಒಂದು ಸುತ್ತು ಬರುತ್ತದೆ. ಅದರ ಬಿಗಿಯಾದ ಭಾಗ ಅಷ್ಟೇ ವಿರಳವಾಗಿ ಜಗ್ಗುತ್ತದೆ. ಇದಕ್ಕೆ ಯಾವ ಯಂತ್ರವೂ ಬೇಡ, ಏಳನೆಯ ತರಗತಿಯ ಗಣಿತ ಸಾಕು. ಎಂಜಿನ್ ನಿಲ್ಲಿಸಿ, ಹಿಂದಿನ ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸುತ್ತ ಚೈನಿನ ಸಡಿಲವನ್ನು ನಾಲ್ಕೈದು ಕಡೆ ಅಳೆದರೆ ಅದು ಒಂದೆಡೆ ಬಿಗಿ, ಒಂದೆಡೆ ಸಡಿಲವಿರುವುದು ಕಾಣುತ್ತದೆ. ಕಡ್ಡಿಗಳನ್ನು ಪಾನಾದಿಂದ ಒಂದೊಂದಾಗಿ ತಟ್ಟಿದರೆ ಸಡಿಲಾದದ್ದು ಮಂಕಾಗಿ ನುಡಿಯುತ್ತದೆ. ಮುಖ್ಯವಾಗಿ, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಮೂರನ್ನು ಒಮ್ಮೆಗೇ ಬದಲಿಸಿ ನಡುಕ ಹೋದರೂ ಯಾವುದರಿಂದ ಹೋಯಿತೆಂಬುದು ಯಾರಿಗೂ ತಿಳಿಯುವುದಿಲ್ಲ.

"ಗುರುಗಳ, ನಿಮಗ ಪೆನ್ಶನ್ ಐತಿ, ವೇಳೆ ಐತಿ. ದಿನಕ್ಕ ಹತ್ತು ಗಾಡಿ ನೋಡಾಂವಗ ಇದೆಲ್ಲಾ ಎಲ್ಲಿ ಆಗಬೇಕ್ರಿ?" ಎಂದು ನನ್ನ ವಿದ್ಯಾರ್ಥಿಯೇ ಆದ ಒಬ್ಬ ಮೆಕ್ಯಾನಿಕ್ ಕೇಳಿದ. ನ್ಯಾಯವಾದ ಪ್ರಶ್ನೆ. ಆದರೆ ಚೈನ್ ಸ್ಪ್ರಾಕೆಟ್ ಬದಲಿಸಲು ಹಿಡಿಯುವ ವೇಳೆಯಲ್ಲಿ ಮೇಲಿನ ಪರೀಕ್ಷೆಗಳನ್ನೆಲ್ಲ ಎರಡು ಸಲ ಮಾಡಬಹುದು. ವೇಳೆಯ ಅಭಾವ ನಿಜವಾದ ಕಾರಣವಲ್ಲ. ನಿಜವಾದ ಕಾರಣವನ್ನು ಅವನೇ ಮುಂದೆ ಹೇಳಿದ: "ಸಾಮಾನು ಹಾಕಿದ್ರ ರೊಕ್ಕಾ ಕೊಡತಾರ್ರಿ. ಬರೇ ನೋಡಿ ಹೇಳಿದ್ರ, ನೋಡಿದ್ದಕ್ಕೇನು ರೊಕ್ಕಾ ಅಂತಾರ್ರಿ." ಈ ಮಾತಿಗೆ ನಾವೆಲ್ಲ ತಲೆ ತಗ್ಗಿಸಬೇಕು. ಹೊಸ ಸಾಮಾನು ಕಣ್ಣಿಗೆ ಕಾಣುತ್ತದೆ, ಅದಕ್ಕೆ ಹಣ ಕೊಡುತ್ತೇವೆ. ಒಂದು ತಾಸು ಕಿವಿಗೊಟ್ಟು, ಬೆರಳಿಟ್ಟು, ಯೋಚಿಸಿ, ಎರಡು ರೂಪಾಯಿಯ ವಾಶರ್ ಹಾಕಿದವನಿಗೆ ಎರಡು ರೂಪಾಯಿ ಕೊಟ್ಟು, ಇಷ್ಟಕ್ಕೇನು ಎಂದು ಹೊರಡುವವರು ನಾವು. ಹೀಗಿರುವಾಗ ಅವನು ನಾಳೆಯಿಂದ ವಾಶರ್ ಹುಡುಕದೆ ಸ್ಪ್ರಾಕೆಟ್ ಮಾರಿದರೆ ತಪ್ಪು ಅವನೊಬ್ಬನದೇ?

ಹುಡುಕುವ ವಿದ್ಯೆ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯನ್ನು ಹಿರಿಯರು ಬಲ್ಲರು. ಜೆಕೊಸ್ಲೊವಾಕಿಯಾದ ಜಾವಾ ಗಾಡಿ ಅಲ್ಲಿ 1960ರ ದಶಕದ ಆರಂಭದಿಂದ ತಯಾರಾಗಿ, 1973ರಿಂದ ಯೆಜ್ಡಿ ಎಂಬ ಹೆಸರು ಪಡೆಯಿತು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದರ 250 ಸಿ.ಸಿ. ಗಾಡಿಗೆ ಎರಡು ಸೈಲೆನ್ಸರುಗಳಿದ್ದುದರಿಂದ ಎಷ್ಟೋ ಜನ ಅದಕ್ಕೆ ಎರಡು ಸಿಲಿಂಡರೆಂದೇ ತಿಳಿದಿದ್ದರು. ಇದ್ದದ್ದು ಒಂದೇ. ಕಾರ್ಖಾನೆ ಮುಚ್ಚಿದ ಮೇಲೆ ಬಿಡಿಭಾಗಗಳು ಮೊದಲಿನಂತೆ ಸುಲಭವಾಗಿ ಸಿಗದಾದವು. ಆದರೂ ಆ ಗಾಡಿಗಳು ಇಂದಿಗೂ ರಸ್ತೆಯ ಮೇಲಿವೆ. ಬದಲಿಸಲು ಸಾಮಾನು ಇಲ್ಲದಾಗ ಮೆಕ್ಯಾನಿಕ್ ಅನಿವಾರ್ಯವಾಗಿ ನೋಡಬೇಕಾಯಿತು, ಕೇಳಬೇಕಾಯಿತು, ಸವೆದದ್ದನ್ನು ತಿದ್ದಬೇಕಾಯಿತು. ನಮ್ಮ ಭಾಗದಲ್ಲಿಯೂ ಸುರೇಬಾನದ ನೇಕಾರ ಮಗ್ಗದ ಸದ್ದು ಬದಲಾದರೆ ಮಗ್ಗ ಮಾರುವುದಿಲ್ಲ, ಎಲ್ಲಿ ಸಡಿಲಾಗಿದೆಯೆಂದು ಸದ್ದಿನಿಂದಲೇ ಹುಡುಕುತ್ತಾನೆ. ಬಂಡಿಯ ಗಾಲಿ ಕಿರುಗುಟ್ಟಿದರೆ ಒಕ್ಕಲಿಗ ನೊಗ ಬದಲಿಸುವುದಿಲ್ಲ. ಮೋಟರ್‌ಸೈಕಲ್ಲಿನ ಮುಂದೆ ಮಾತ್ರ ಇದೇ ಜನ ಈ ಬುದ್ಧಿಯನ್ನು ಮನೆಯಲ್ಲಿ ಬಿಟ್ಟು ಬರುವುದೇಕೆ?

ನನ್ನ ಉತ್ತರ ಶಾಲೆಯ ಕಡೆಗೆ ಬೆರಳು ಮಾಡುತ್ತದೆ. ಅನುರಣನ ಎಂದರೇನು ಎಂಬ ಪ್ರಶ್ನೆಗೆ ನಮ್ಮ ಮಕ್ಕಳು ಎರಡು ಅಂಕದ ಉತ್ತರವನ್ನು ತಪ್ಪಿಲ್ಲದೆ ಬರೆಯುತ್ತಾರೆ. ಪರೀಕ್ಷೆ ಕೇಳುವುದು ಉತ್ತರವನ್ನು, ಉತ್ತರಕ್ಕೆ ಬಂದ ದಾರಿಯನ್ನಲ್ಲ. 'ಮೊದಲು ಯಾವುದನ್ನು ನೋಡುತ್ತೀ, ಏಕೆ? ಅದು ಅಲ್ಲವೆಂದು ಹೇಗೆ ತಿಳಿದೆ?' ಎಂಬ ಪ್ರಶ್ನೆಯನ್ನು ಯಾವ ಪ್ರಶ್ನೆಪತ್ರಿಕೆಯಲ್ಲಿಯೂ ನಾನು ಕಾಣಲಿಲ್ಲ. ಉತ್ತರವನ್ನು ಊಹಿಸಿ ಬರೆದು, ತಾಳೆಯಾದರೆ ಅಂಕ ಪಡೆಯುವ ಅಭ್ಯಾಸವೇ ಮುಂದೆ ಗ್ಯಾರೇಜಿನಲ್ಲಿ ಸಾಮಾನು ಬದಲಿಸಿ ನೋಡುವ ಅಭ್ಯಾಸವಾಗುತ್ತದೆ. ಆಸ್ಪತ್ರೆಯಲ್ಲಿ, ಕಚೇರಿಯಲ್ಲಿ, ಹೊಲದಲ್ಲಿ ಔಷಧ ಸಿಂಪಡಿಸುವಲ್ಲಿ ಅದೇ ಬೇರೆ ವೇಷದಲ್ಲಿ ಬರುತ್ತದೆ. ಎಲೆ ಹಳದಿಯಾದ ಕೂಡಲೇ ಮೂರು ಬಗೆಯ ಡಬ್ಬಿ ತಂದು ಕಲಸಿ ಹೊಡೆಯುವ ರೈತನನ್ನು ನೀವೂ ನೋಡಿದ್ದೀರಿ.

ಆದ್ದರಿಂದ ನನ್ನ ಕೋರಿಕೆಗಳು ಮೂರು. ನಿಮ್ಮಲ್ಲಿ ಗ್ಯಾರೇಜು ನಡೆಸುವವರು ಪಾನಾ ಕೈಗೆತ್ತಿಕೊಳ್ಳುವ ಮೊದಲು 'ಯಾವಾಗಿಂದ, ಯಾವ ವೇಗದಲ್ಲಿ, ಅದಕ್ಕೂ ಮೊದಲು ಏನು ಬಿಚ್ಚಿದ್ದರು?' ಎಂದು ಕೇಳಿ, ಉತ್ತರವನ್ನು ಒಂದು ವಹಿಯಲ್ಲಿ ಬರೆದಿಡಿ. ಗಾಡಿ ಓಡಿಸುವವರು ಹುಡುಕಿದ್ದಕ್ಕೆ ಬೇರೆಯಾಗಿ ಮಜೂರಿ ಕೊಡಿ, ಸಾಮಾನು ಬದಲಿಸದೆ ಸರಿಮಾಡಿದವನಿಗೆ ತುಸು ಹೆಚ್ಚೇ ಕೊಡಿ. ಬದಲಾಯಿಸಿದರೆ ಹಳೆಯ ಸಾಮಾನನ್ನು ಕೇಳಿ ಪಡೆದು, ಎಲ್ಲಿ ಸವೆದಿದೆಯೆಂದು ತೋರಿಸಲು ಹೇಳಿ. ನಿಮ್ಮಲ್ಲಿ ಅನೇಕರು ಈಗ ಶಿಕ್ಷಕರಾಗಿದ್ದೀರಿ. ವರ್ಷಕ್ಕೊಮ್ಮೆಯಾದರೂ ನಿಮ್ಮ ಸ್ವಂತ ಗಾಡಿಯನ್ನೋ ಸೈಕಲ್ಲನ್ನೋ ಶಾಲೆಯ ಅಂಗಳಕ್ಕೆ ತಂದು, ಒಂದು ನಟ್ಟನ್ನು ಗೊತ್ತಾಗದಂತೆ ಸಡಿಲಿಸಿ ಮಕ್ಕಳಿಗೆ ಹುಡುಕಲು ಬಿಡಿ. ಪಾಠ ಮುಗಿದ ಮೇಲೆ ಬಿಗಿ ಮಾಡಲು ಮರೆಯಬೇಡಿ.

ಅಣ್ಣನ ಮಗನ ಅಟ್ಟದ ಮೇಲೆ ಇನ್ನೂ ಬಹಳ ದಿನ ಬಾಳಬಹುದಾಗಿದ್ದ ಹಳೆಯ ಚೈನು, ಎರಡು ಸ್ಪ್ರಾಕೆಟ್, ಒಂದು ಟೈರು ಇವೆ. ಮಕ್ಕಳಿಗೆ ತೋರಿಸಲು ಬೇಕಾದವರು ತಿಳಿಸಿದರೆ ಕಳಿಸಿಕೊಡುವ ವ್ಯವಸ್ಥೆ ಮಾಡುತ್ತೇನೆ.